ಮಾವ ರಬ್ಬಿ, ಸೊಸೆ ರಬ್ಬಿ

ಪಕ್ಕದ ಪೆರ್ಲ್‌ಮಟರ್ ಮನೆಯ ಫೋನು ಬೆಳಗ್ಗೆ ಏಳಕ್ಕೆ ಮೊದಲೇ ಬಡಿದುಕೊಂಡರೆ ಊರಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದರ್ಥ. ಏಳರ ನಂತರ ಬಡಿದುಕೊಂಡರೆ ಯಾರಿಗೋ ಯಾರ ಮೇಲೋ ಸಿಟ್ಟು ಬಂದಿದೆ ಎಂದರ್ಥ. ಎರಡಕ್ಕೂ ನಮ್ಮ ಯಹೂದಿಗಳ ಧರ್ಮಗುರು, ರಬ್ಬಿಯೇ ಬೇಕು. ಫೋನು ಎತ್ತುವವಳು ಹಿರಿಯ ರಬ್ಬಿಯ ಹೆಂಡತಿ ಬ್ಲೂಮಾ. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಅವಳು ಕೂಗುವುದು ನಮ್ಮ ಅಡುಗೆಮನೆಗೂ ಕೇಳಿಸುತ್ತಿತ್ತು.

"ರಬ್ಬಿ ಇದ್ದಾರಾ ಅಂದ್ರೆ? ಯಾವ ರಬ್ಬಿ ಬೇಕಪ್ಪಾ? ಮಾವನಾ, ಸೊಸೆಯಾ?"

ಒಂದೇ ಮನೆಯಲ್ಲಿ ಇಬ್ಬರು ರಬ್ಬಿಗಳು. ಒಂದು ಒರೆಯಲ್ಲಿ ಎರಡು ಕತ್ತಿ ಇಟ್ಟ ಹಾಗೆ ಎಂದು ಊರವರು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ನನ್ನ ಗಂಡ ಹೋದ ಮೇಲೆ ಆ ಮನೆಯ ಊಟದ ಮೇಜಿನಲ್ಲಿ ನನಗೊಂದು ಕುರ್ಚಿ ಖಾಯಂ ಆಗಿತ್ತು. ಕತ್ತಿಗಳು ತಾಕುವ ಸದ್ದು ನನ್ನ ಕಿವಿಯ ಪಕ್ಕದಲ್ಲೇ ಆಗುತ್ತಿತ್ತು.

ಮಾವ ಜೇಲಿಗ್ ಪೆರ್ಲ್‌ಮಟರ್ ಮೂವತ್ತಾರು ವರ್ಷ ನಮ್ಮ ಪ್ರಾರ್ಥನಾ ಮಂದಿರ ಸಿನಗಾಗಿನ ರಬ್ಬಿಯಾಗಿದ್ದವರು. ಈರೀ ಸರೋವರದ ದಂಡೆಯ ಈ ಊರಲ್ಲಿ ಅವರು ಮದುವೆ ಮಾಡಿಸದ ಜೋಡಿ ಇಲ್ಲ, ಮಣ್ಣು ಮಾಡದ ಮನೆತನ ಇಲ್ಲ. ಎಪ್ಪತ್ತಕ್ಕೆ ನಿವೃತ್ತರಾದಾಗ ಸಭೆಯವರು, ಅಂದರೆ ಅಲ್ಲಿ ಪ್ರಾರ್ಥನೆಗೆ ಕೂಡುವ ನಾವೆಲ್ಲ, ಸಿನಗಾಗಿನ ಹಿಂದಿನ ಇಟ್ಟಿಗೆ ಮನೆಯನ್ನು ಅವರ ಜೀವಮಾನಕ್ಕೆ ಬಿಟ್ಟುಕೊಟ್ಟೆವು. 'ಗೌರವ ರಬ್ಬಿ' ಎಂಬ ಬಿರುದು ಕೊಟ್ಟು, ಮೊದಲ ಸಾಲಿನಲ್ಲಿ ಒಂದು ಕುರ್ಚಿಯನ್ನೂ ಹಾಕಿದೆವು. ಅಮೆರಿಕದಲ್ಲಿ ಗೌರವ ರಬ್ಬಿಯ ಕೆಲಸ ಎರಡೇ. ಕುರ್ಚಿಯಲ್ಲಿ ಕೂರುವುದು, ಬಾಯಿ ಮುಚ್ಚಿಕೊಂಡಿರುವುದು. ಮೊದಲನೆಯದನ್ನು ಅವರು ಚೆನ್ನಾಗಿ ಮಾಡಿದರು.

ಅವರ ನಂತರ ಬಂದ ಹುಡುಗ ರಬ್ಬಿ ಮೂರು ವರ್ಷಕ್ಕೇ ಓಟ ಕಿತ್ತ. ಈಗ ಫ್ಲೋರಿಡಾದಲ್ಲಿದ್ದಾನೆ, ಅಲ್ಲಿ ಮೊದಲ ಸಾಲಿನಲ್ಲಿ ಯಾರೂ ಕೂರುವುದಿಲ್ಲವಂತೆ, ಮೈ ಬಂದಿದೆಯಂತೆ. ಆಮೇಲೆ ಈ ಹಿಮದ ಊರಿಗೆ ಬರಲು ಯಾರೂ ಒಪ್ಪಲಿಲ್ಲ. ಕೊನೆಗೆ ಬಂದವಳು ಜೇಲಿಗ್ ಅವರ ಸೊಸೆ ತಿರ್ಜಾ.

ಅವರ ಮಗ ಗೆರ್ಶೋನ್ ಹದಿನೆಂಟನೆಯ ವಯಸ್ಸಿಗೇ ಮೇಜು ಗುದ್ದಿ, "ರಬ್ಬಿ ಮಗನಾಗಿ ಹುಟ್ಟಿದ್ದೇ ಸಾಕು, ನಾನಂತೂ ರಬ್ಬಿ ಆಗಲ್ಲ" ಎಂದು ಶಪಥ ಮಾಡಿ ಪಿಯಾನೋ ಶ್ರುತಿ ಮಾಡುವ ಕೆಲಸ ಕಲಿತಿದ್ದ. ಆಮೇಲೆ ನ್ಯೂಯಾರ್ಕಿನಲ್ಲಿ ರಬ್ಬಿ ಓದು ಓದುತ್ತಿದ್ದವಳನ್ನೇ ಮದುವೆಯಾದ. ಬಾಣಲೆಯಿಂದ ಬೆಂಕಿಗೆ ಬಿದ್ದ ಎಂದು ಬ್ಲೂಮಾ ಅಂದೇ ಹೇಳಿದ್ದಳು.

ತಿರ್ಜಾಳ ದಾರಿ ಸುಲಭದ್ದಲ್ಲ. ಮೊದಲು ಮಿನಿಯಾಪೊಲಿಸಿನ ದೊಡ್ಡ ಸಿನಗಾಗಿನಲ್ಲಿ ಸಹಾಯಕ ರಬ್ಬಿ. ಅಲ್ಲಿನ ಹಿರಿಯ ರಬ್ಬಿ ಮದುವೆಗಳನ್ನೆಲ್ಲ ತಾನಿಟ್ಟುಕೊಂಡು, ಮಕ್ಕಳ ಪಾಠವನ್ನೂ ಮಳೆ ಬೀಳುವ ದಿನದ ಶವಸಂಸ್ಕಾರಗಳನ್ನೂ ಇವಳಿಗೆ ಬಿಟ್ಟಿದ್ದ. ಆಮೇಲೆ ಐಯೋವಾದ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ರಬ್ಬಿ. ಆಮೇಲೆ ಕ್ಲೀವ್‌ಲ್ಯಾಂಡಿನ ಆಸ್ಪತ್ರೆಯಲ್ಲಿ ರೋಗಿಗಳ ರಬ್ಬಿ. ನಲವತ್ತೆರಡನೆಯ ವಯಸ್ಸಿಗೆ ತನ್ನದೇ ಎನ್ನುವ ಒಂದು ಸಭೆ ಸಿಕ್ಕಿತು, ಅದೂ ಎರಡು ವರ್ಷದ ಕರಾರಿನ ಮೇಲೆ. ಆ ಮಾರ್ಚಿಗೆ ಎರಡು ವರ್ಷ ತುಂಬುತ್ತಿತ್ತು. ಮಾರ್ಚಿನ ಒಂದು ಭಾನುವಾರ ಸಭೆಯವರು ಕೈ ಎತ್ತಿ, ಇವಳು ಇರಬೇಕೋ ಹೋಗಬೇಕೋ ತೀರ್ಮಾನಿಸಬೇಕಿತ್ತು.

ಜಗಳ ಶುರುವಾದದ್ದು ಜನವರಿಯಲ್ಲಿ, ಒಂದು ಕ್ಯಾಮೆರಾದಿಂದ.

ಮಹಿಳಾ ಮಂಡಳಿಯ ಎಸ್ತೆಲ್ ಕಾಗನ್‌ಳ ಮೊಮ್ಮಗನಿಗೆ ಹದಿಮೂರು ತುಂಬಿ ಅವನು ಮೊದಲ ಸಲ ಸಭೆಯ ಮುಂದೆ ನಮ್ಮ ಧರ್ಮಗ್ರಂಥ ತೋರಾ ಓದುವ ಶನಿವಾರ ಅದು. ಫೋಟೋ ತೆಗೆಸಬೇಕೆಂದು ಎಸ್ತೆಲ್ ಕೇಳಿದ್ದಳು. ಶನಿವಾರ ಸಬ್ಬತ್ತು, ಕೆಲಸ ಮಾಡಬಾರದ ಪವಿತ್ರ ದಿನ, ಸಿನಗಾಗಿನೊಳಗೆ ಕ್ಯಾಮೆರಾ ಬೇಡ, ಗುರುವಾರ ಬೆಳಗ್ಗೆ ಬಂದು ಬೇಕಾದಷ್ಟು ತೆಗೆಸಿಕೊಳ್ಳಿ ಎಂದು ತಿರ್ಜಾ ಹೇಳಿದ್ದಳು. ಶನಿವಾರ ನೋಡಿದರೆ ಹುಡುಗ ಬಾಯಿ ತೆರೆದದ್ದೇ ತಡ, ಕಂಬದ ಹಿಂದಿನಿಂದ ಫಳಫಳ ಎಂದು ಬೆಳಕು! ಹುಡುಗ ಬೆಚ್ಚಿ ಎರಡು ಸಾಲು ಹಾರಿಸಿದ. ತಿರ್ಜಾ ಏನೂ ಅನ್ನದೆ ಅವನ ಪಕ್ಕಕ್ಕೆ ಹೋಗಿ ನಿಂತು, ಬೆರಳಿಟ್ಟು ಸಾಲು ತೋರಿಸಿದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಸೂಪು ಬಡಿಸುತ್ತ ಕೇಳಿದಳು.

"ಮಾವಾ, ಎಸ್ತೆಲ್ ನಿಮ್ಮನ್ನೇನಾದ್ರೂ ಕೇಳಿದ್ರಾ?"

"ಯಾವ ಎಸ್ತೆಲ್?"

"ಊರಲ್ಲಿ ಎಷ್ಟು ಜನ ಎಸ್ತೆಲ್ ಇದ್ದಾರೆ, ಅಜ್ಜಾ?" ಎಂದಳು ಮೊಮ್ಮಗಳು ಶೈನಾ. ಹದಿನೈದರ ಹುಡುಗಿ, ನಾಲಿಗೆ ಮಾತ್ರ ಅಜ್ಜಿಯದು.

"ಓ, ಅವಳಾ. ತರಕಾರಿ ಅಂಗಡೀಲಿ ಸಿಕ್ಕಿದ್ಲು. ಪಾಪ, ಕಣ್ಣಲ್ಲಿ ನೀರು ತುಂಬ್ಕೊಂಡಿದ್ಲು. ಒಂದು ಫೋಟೋಗೆ ಆಕಾಶ ಏನೂ ಕಳಚಿ ಬೀಳಲ್ಲ ಕಣಮ್ಮ ಅಂದೆ."

"ನಾನು ಬೇಡ ಅಂದಿದ್ದೆ."

"ನೀನು ಅಂದಿದ್ದು ಸರೀನೇ ಮಗಳೇ. ನಾನೇನು ರಬ್ಬಿಯಾಗಿ ಹೇಳ್ಲಿಲ್ಲ. ಯಾರೋ ಒಬ್ಬ ಮುದುಕ ಈರುಳ್ಳಿ ಆರಿಸ್ತಾ ಹೇಳ್ದ, ಅಷ್ಟೇ."

ತಿರ್ಜಾ ಸೌಟು ಕೆಳಗಿಟ್ಟಳು. "ಒಬ್ಬ ರಬ್ಬಿ ಬೇಡ ಅಂದ ಮೇಲೆ ಇನ್ನೊಬ್ಬ ರಬ್ಬಿ ಆಗಲಿ ಅನ್ನಬಾರದು. ಈ ನಿಯಮ ನಂಗೆ ಕಲಿಸಿದ್ದು ಯಾರು, ಹೇಳಿ ಮಾವಾ?"

"ಯಾರು?"

"ನೀವೇ. ನಾನಿನ್ನೂ ಓದ್ತಿದ್ದಾಗ. ಇದೇ ಮೇಜಿನ ಮೇಲೆ, ಇದೇ ಸೂಪು ಕುಡೀತಾ."

"ಚೆನ್ನಾಗೇ ಕಲಿಸಿದೀನಿ ಹಾಗಾದ್ರೆ," ಎಂದರು ಜೇಲಿಗ್, ಸೂಪಿಗೆ ಉಪ್ಪು ಹಾಕಿಕೊಳ್ಳುತ್ತ. ಗೆರ್ಶೋನ್ ಎದ್ದು ನೀರು ತರಲು ಹೋದ. ಜಗಳದ ವಾಸನೆ ಬಂದರೆ ಆ ಮನೆಯಲ್ಲಿ ಅವನಿಗೆ ಯಾವಾಗಲೂ ಬಾಯಾರಿಕೆ.

ಫೆಬ್ರವರಿಯಲ್ಲಿ ಚಮಚಗಳ ಗಲಾಟೆ ಬಂತು. ಸಿನಗಾಗಿನ ನೆಲಮಾಳಿಗೆಯ ಅಡುಗೆಮನೆಯಲ್ಲಿ ಎಡಗಡೆ ಹಾಲಿನ ಕಟ್ಟೆ, ಬಲಗಡೆ ಮಾಂಸದ ಕಟ್ಟೆ. ನಮ್ಮ ಧರ್ಮದಲ್ಲಿ ಹಾಲು, ಮಾಂಸ ಕೂಡಬಾರದು, ಒಂದರ ಪಾತ್ರೆ, ಚಮಚ ಇನ್ನೊಂದಕ್ಕೆ ತಾಕುವಂತಿಲ್ಲ. ಇದು ನಮಗೆ ತಾಯಿಯ ಹಾಲಿನ ಜೊತೆ ಬಂದ ಪಾಠ. ಆದರೂ ಹೊಸಬರು ಕೈಹಾಕಿ ಎರಡು ಸಲ ಗೊಂದಲವಾಯಿತೆಂದು ತಿರ್ಜಾ ಗೆರ್ಶೋನನ ಕೈಲಿ ಚಮಚಗಳ ಹಿಡಿಗೆಲ್ಲ ಬಣ್ಣ ಹಚ್ಚಿಸಿದಳು. ಹಾಲಿನವು ನೀಲಿ, ಮಾಂಸದವು ಕೆಂಪು.

ಮಹಿಳಾ ಮಂಡಳಿಗೆ ಸಿಟ್ಟು ನೆತ್ತಿಗೇರಿತು. ನನಗೂ ಸ್ವಲ್ಪ ಏರಿತು, ಸುಳ್ಳೇಕೆ ಹೇಳಲಿ?

"ಇಷ್ಟು ವರ್ಷ ನಾವು ಕಣ್ಣು ಕಟ್ಕೊಂಡು ಅಡುಗೆ ಮಾಡಿದ್ವಾ?" ಎಂದಳು ಎಸ್ತೆಲ್.

"ನಂಗೂ ಒಂದು ಬಣ್ಣ ಹಚ್ಚಿಬಿಡು ತಿರ್ಜಾ," ಎಂದಳು ಬ್ಲೂಮಾ ಮನೆಯಲ್ಲಿ. "ಯಾರಾದ್ರೂ ಎತ್ಕೊಂಡು ಹೋಗಿ ತಪ್ಪು ಕಟ್ಟೆ ಮೇಲೆ ಇಟ್ಟುಬಿಟ್ಟಾರು."

"ಅತ್ತೇ, ನಿಮಗೆ ಬೇಕಾಗಿಲ್ಲ, ಹೊಸಬರಿಗೆ ಬೇಕು."

ಜೇಲಿಗ್ ಮಾತ್ರ ಸಿಕ್ಕಸಿಕ್ಕಲ್ಲೆಲ್ಲ ನಗೆಚಾಟಿಕೆ ಮಾಡಿದರು. "ನನ್ನ ಕಾಲದಲ್ಲಿ ಧರ್ಮ ತಲೇಲಿ ಇರ್ತಿತ್ತು, ಈಗ ಡಬ್ಬೀಲಿ ಬರುತ್ತೆ, ಒಂದು ಕೋಟು ಹಚ್ಚಿ ಒಣಗಿಸಿದ್ರೆ ಆಯ್ತು." ಕ್ಷೌರದಂಗಡಿಯಲ್ಲಿ ಹೇಳಿದರು, ಬ್ಯಾಂಕಿನ ಸಾಲಿನಲ್ಲಿ ಹೇಳಿದರು. ಎಲ್ಲರೂ ನಕ್ಕರು. ಅವರ ಹಾಸ್ಯ ಯಾವಾಗಲೂ ಚೆನ್ನಾಗಿಯೇ ಇರುತ್ತಿತ್ತು, ಅದೇ ತೊಂದರೆ.

ನಕ್ಕದ್ದು ಎಲ್ಲಿಗೆ ಹೋಗಿ ಮುಟ್ಟಿತು ಎಂದು ತಿಳಿದದ್ದು ಸಭೆಯ ಅಧ್ಯಕ್ಷ ಮಿಲ್ಟನ್ ಜಾಸ್ಲೋ ಮನೆಗೆ ಬಂದ ಸಂಜೆ. ಹಾಸಿಗೆ ಅಂಗಡಿಯ ಮಿಲ್ಟನ್ ಒಳ್ಳೆಯವನೇ, ಕೆಟ್ಟ ಸುದ್ದಿ ಹೇಳಲು ಮಾತ್ರ ಅವನಿಗೆ ಒಂದು ಕೇಕು ಖರ್ಚಾಗುತ್ತದೆ. ಎರಡನೆಯ ತುಂಡು ಮುಗಿಸಿ ಬಾಯಿ ಒರೆಸಿಕೊಂಡು ಹೇಳಿದ.

"ನೋಡಮ್ಮಾ ತಿರ್ಜಾ, ಆಸ್ಪತ್ರೇಲಿ ನಮ್ಮಮ್ಮನ ಪಕ್ಕ ಮೂರು ರಾತ್ರಿ ಕೂತವಳು ನೀನು. ಹಿಮ ಬಿದ್ದ ದಿನ ನಿನ್ನ ಕಾರಲ್ಲೇ ಜನಾನ ಹೊತ್ಕೊಂಡು ಬಂದು, ಬೆಳಗ್ಗೆ ಪ್ರಾರ್ಥನೆಗೆ ಇರಲೇಬೇಕಾದ ಹತ್ತು ತಲೆ ಕೂಡಿಸಿದವಳೂ ನೀನೇ. ನಾನೇನು ಮರೆತಿಲ್ಲ. ಆದ್ರೆ ಜನ ಏನಂತಾರೆ ಗೊತ್ತಾ? 'ಕೇಳೋಕೆ ಹಳೇ ರಬ್ಬಿ ಇದ್ದಾರೆ, ಪುಕ್ಕಟೆ. ಎರಡನೇ ರಬ್ಬಿಗೆ ಸಂಬಳ ಯಾಕೆ ಕೊಡ್ಬೇಕು?'"

ಜೇಲಿಗ್ ಕಿಟಕಿಯ ಆಚೆ ನೋಡುತ್ತಿದ್ದರು, ಅಲ್ಲಿ ನೋಡಲು ನಮ್ಮ ಮನೆಯ ಗೋಡೆ ಬಿಟ್ಟರೆ ಏನೂ ಇರಲಿಲ್ಲ.

ಅದೇ ವಾರ ನ್ಯೂಯಾರ್ಕಿನಿಂದ, ರಬ್ಬಿಗಳಿಗೆ ಜಾಗ ಹುಡುಕಿಕೊಡುವ ಕಚೇರಿಯವರು ತಿರ್ಜಾಳಿಗೆ ಫೋನು ಮಾಡಿದರು. ಅರಿಜೋನಾದಲ್ಲಿ ಒಂದು ಸಭೆಯಿದೆ, ಏಪ್ರಿಲಿನೊಳಗೆ ಹೂಂ ಅನ್ನಬೇಕು. ತಿರ್ಜಾ ಇಲ್ಲ ಎನ್ನಲಿಲ್ಲ. "ಮಾರ್ಚಿನ ಸಭೆ ಆಗ್ಲಿ, ತಿಳಿಸ್ತೀನಿ" ಎಂದಳು. ಫೋನಿಟ್ಟ ಮೇಲೆ ಬಹಳ ಹೊತ್ತು ಪಾತ್ರೆ ತೊಳೆದಳು, ತೊಳೆದ ಪಾತ್ರೆಗಳನ್ನೇ.

ಬ್ಲೂಮಾ ಗಂಡನ ಜೊತೆ ಮಾತು ಬಿಡಲಿಲ್ಲ. ಮಾತು ಬಿಡುವುದು ಅವಳ ಜಾಯಮಾನವಲ್ಲ. ಊಟ ಬದಲಾಯಿಸಿದಳು. ಜೇಲಿಗ್‌ಗೆ ಸಕ್ಕರೆ ಕಾಯಿಲೆ, ಡಾಕ್ಟರು ಹೇಳಿದ್ದ ಪಥ್ಯವನ್ನು ಅದುವರೆಗೆ ಅರ್ಧ ಕಣ್ಣು ಮುಚ್ಚಿ ನಡೆಸುತ್ತಿದ್ದಳು. ಈಗ ಎರಡೂ ಕಣ್ಣು ತೆರೆದಳು. ಹೊತ್ತುಹೊತ್ತಿಗೂ ಬೇಯಿಸಿದ ಕ್ಯಾರೆಟ್ಟು.

"ಇದೇನೇ ಇದು, ನಾನೇನು ಮೊಲವಾ?"

"ಮೊಲ ಆಗಿದ್ರೆ ಎಷ್ಟೋ ವಾಸಿ ಇತ್ತು. ಮೊಲಕ್ಕೆ ಮಾತು ಬರಲ್ಲ."

"ನಾನೇನು ಬೇಕೂಂತ ಮಾಡಿದ್ನಾ ಬ್ಲೂಮಾ? ಜನ ಕೇಳ್ತಾರೆ. ಕೇಳಿದ್ರೆ ಏನ್ಮಾಡ್ಲಿ?"

"'ನಮ್ಮ ರಬ್ಬೀನ ಕೇಳಿ' ಅನ್ನಿ. ಮೂರೇ ಮಾತು. ನಲವತ್ತು ನಿಮಿಷ ಪ್ರವಚನ ಮಾಡ್ತಿದ್ದವರಿಗೆ ಮೂರು ಮಾತು ಕಷ್ಟಾನಾ?"

ಜೇಲಿಗ್ ಮುಳ್ಳುಚಮಚದಲ್ಲಿ ಕ್ಯಾರೆಟ್ಟನ್ನು ತಟ್ಟೆಯ ಈ ಕಡೆಯಿಂದ ಆ ಕಡೆಗೆ ತಳ್ಳಿದರು. "ಅಂದುಬಿಟ್ರೆ ಆಮೇಲೆ ಯಾರೂ ಕೇಳಲ್ಲ. ಫೋನು ನಂಗೆ ಬರ್ಲಿಲ್ಲ ಅಂದ್ರೆ ನಾನ್ಯಾರೇ, ಬ್ಲೂಮಾ?"

ಬ್ಲೂಮಾ ಎದ್ದು ಹೋಗಿ ಅವರ ತಟ್ಟೆಗೆ ಒಂದು ಆಲೂಗಡ್ಡೆ ಹಾಕಿದಳು.

ಉತ್ತರ ಕೊಟ್ಟವಳು ಶೈನಾ. ಗುರುವಾರ ಮಧ್ಯಾಹ್ನ ನಾನು ಮೊಟ್ಟೆ ಕೇಳಲು ಹೋದಾಗ ಅವಳು ಅಟ್ಟದಿಂದ ರಟ್ಟಿನ ಪೆಟ್ಟಿಗೆಗಳನ್ನು ಇಳಿಸುತ್ತಿದ್ದಳು. ಜೇಲಿಗ್ ಮೆಟ್ಟಿಲ ಕೆಳಗೆ ನಿಂತು ಒಂದೊಂದನ್ನೇ ತೆಗೆದುಕೊಳ್ಳುತ್ತಿದ್ದರು. ಪ್ರತಿ ಪೆಟ್ಟಿಗೆಯ ಮೇಲೂ ದಪ್ಪ ಅಕ್ಷರದಲ್ಲಿ ಊರುಗಳ ಹೆಸರು. ಮಿನಿಯಾಪೊಲಿಸ್ ಹೊಡೆದು ಐಯೋವಾ, ಅದನ್ನು ಹೊಡೆದು ಕ್ಲೀವ್‌ಲ್ಯಾಂಡ್.

"ಏನಮ್ಮಾ ಇದು, ಇನ್ನೂ ಇಟ್ಕೊಂಡಿದೀರಾ?"

"ಅಮ್ಮ ಎಸೆಯೋಕೆ ಬಿಡಲ್ಲ ಅಜ್ಜಾ. ರಬ್ಬಿ ಮನೇಲಿ ಪೆಟ್ಟಿಗೆ ಎಸೀಬಾರ್ದಂತೆ. ಅರಿಜೋನಾ ಬರೆಯೋಕೆ ಇಲ್ಲಿ ಮೂಲೇಲಿ ಜಾಗ ಇದೆ ನೋಡಿ."

"ಇನ್ನೂ ಏನೂ ತೀರ್ಮಾನ ಆಗಿಲ್ವಲ್ಲ, ಪುಟ್ಟಿ."

"ಶಾಲೆ ಬ್ಯಾಂಡಲ್ಲಿ ಟ್ರೊಂಬೋನ್ ಕಹಳೆಗೆ ಈ ವರ್ಷ ತಾನೇ ನಂಗೆ ಮೊದಲ ಜಾಗ ಸಿಕ್ಕಿದೆ," ಎಂದಳು ಶೈನಾ. ಪೆಟ್ಟಿಗೆಯ ಮೇಲಿನ ಧೂಳು ಒರೆಸಿ ನಕ್ಕಳು. "ಪರವಾಗಿಲ್ಲ ಬಿಡಿ. ಆದ್ರೆ ಅಜ್ಜಾ, ನಿಜ ಹೇಳ್ಲಾ? ನೀವು ಒಂದೇ ಒಂದು ಸಲ, ಎಲ್ರಿಗೂ ಕೇಳೋ ಹಾಗೆ ಅಮ್ಮನ್ನ ಏನಾದ್ರೂ ಕೇಳಿದ್ರೆ ಸಾಕಿತ್ತು. ಏನಾದ್ರೂ. ಗಂಟೆ ಎಷ್ಟು ಅಂತಾದ್ರೂ."

ನಾನು ಮೊಟ್ಟೆ ಮರೆತು ಮನೆಗೆ ಬಂದೆ.

ಮರುದಿನ ಶುಕ್ರವಾರ. ಭಾನುವಾರದ ಸಭೆಗೆ ಮೊದಲಿನ ಶನಿವಾರ ಸಿನಗಾಗಿನಲ್ಲಿ ಎಲ್ಲರಿಗೂ ಊಟ ಹಾಕುವುದು ನಮ್ಮಲ್ಲಿ ಹಳೆಯ ರೂಢಿ. ಹೊಟ್ಟೆ ತುಂಬಿದವರು ಕಡಿಮೆ ಜಗಳ ಆಡುತ್ತಾರೆ ಎಂದು ಅದನ್ನು ಹಾಕಿಕೊಟ್ಟವರೂ ಜೇಲಿಗ್ ಅವರೇ. ಸಬ್ಬತ್ತಿನ ದಿನ ಬೆಂಕಿ ಹಚ್ಚುವಂತಿಲ್ಲ, ಆದ್ದರಿಂದ ಶುಕ್ರವಾರವೇ ದೊಡ್ಡ ಹಂಡೆಯಲ್ಲಿ ಮಾಂಸ, ಬೀನ್ಸ್ ಕಾಳು, ಬಾರ್ಲಿ, ಆಲೂಗಡ್ಡೆ ಹಾಕಿ ಚೋಲೆಂಟ್ ಮಾಡಿ ಸಣ್ಣ ಉರಿಯ ಮೇಲೆ ಇಟ್ಟರೆ ರಾತ್ರಿಯೆಲ್ಲ ಕುದಿದು ಶನಿವಾರ ಮಧ್ಯಾಹ್ನಕ್ಕೆ ಹದವಾಗುತ್ತದೆ. ಹಂಡೆ ಒಲೆಯ ಮೇಲೇರಿ ಕುದಿ ಬಂದ ಮೇಲೆ ನಾವು ಹೆಂಗಸರೆಲ್ಲ ಮೇಜಿಗೆ ಬಟ್ಟೆ ಹಾಸಲು ಮೇಲಕ್ಕೆ ಹೋದೆವು.

ಆಮೇಲೆ ನಡೆದದ್ದನ್ನು ಜೇಲಿಗ್ ಅವರೇ ಎಷ್ಟೋ ಸಲ ಹೇಳಿದ್ದಾರೆ, ಪ್ರತಿ ಸಲವೂ ಸ್ವಲ್ಪ ಉದ್ದವಾಗಿ.

ವಾರಗಟ್ಟಲೆ ಕ್ಯಾರೆಟ್ಟು ತಿಂದ ಮನುಷ್ಯ. ಖಾಲಿ ಅಡುಗೆಮನೆ. ಹಾಲಿನ ಕಟ್ಟೆಯ ಕಪಾಟಿನಲ್ಲಿ ಮಕ್ಕಳ ಪಾಠಶಾಲೆಯ ಕೋಕೋ ಡಬ್ಬಿ, ಸಕ್ಕರೆ ಡಬ್ಬಿ. ಹಾಲು ಕಾಯಿಸಿ, ಕೋಕೋ ಹಾಕಿ, ಸಕ್ಕರೆಯನ್ನು ಧಾರಾಳವಾಗಿ ಸುರಿದು, ಕೈಗೆ ಸಿಕ್ಕ ದೊಡ್ಡ ಚಮಚದಲ್ಲಿ ಕಲಕಿದರು. ನಿಂತಲ್ಲೇ ಕುಡಿದರು. ಸ್ವರ್ಗ ಹತ್ತಿರವೇ ಇತ್ತು. ಆಗ ಮೆಟ್ಟಿಲ ಮೇಲೆ ಬ್ಲೂಮಾಳ ಬೂಟಿನ ಸದ್ದು. ಲೋಟ, ಪಾತ್ರೆ ಎರಡೂ ಕಪಾಟಿನೊಳಗೆ ಹೋದವು. ಚಮಚ ಕೈಯಲ್ಲೇ ಉಳಿಯಿತು. ಸುಮ್ಮನೆ ನಿಂತಿದ್ದರೆ ಅನುಮಾನ ಬರುತ್ತದೆಂದು ಎರಡೇ ಹೆಜ್ಜೆಗೆ ಬಲಗಡೆಗೆ ಹೋಗಿ, ಹಂಡೆಯ ಮುಚ್ಚಳ ಎತ್ತಿ, ಅಡುಗೆ ಬಲ್ಲವರ ಗತ್ತಿನಲ್ಲಿ ಚೋಲೆಂಟ್ ಕಲಕತೊಡಗಿದರು.

"ಏನ್ರೀ ಮಾಡ್ತಿದೀರಾ?"

"ತಳ ಹಿಡಿದೀತು ಅಂತ ನೋಡ್ತಿದ್ದೆ."

"ನೋಡಿದ್ದು ಸಾಕು. ಮನೆಗೆ ಹೋಗಿ ಅಂಗಿ ಬದಲಾಯಿಸ್ಕೊಳ್ಳಿ."

ಅವರು ಚಮಚವನ್ನು ಕೋಟಿನ ಜೇಬಿಗೆ ಇಳಿಸಿ ಹೊರಗೆ ಬಂದರು. ಹಿಮದಲ್ಲಿ ನಿಂತು ತೆಗೆದು ನೋಡಿದರೆ ಹಿಡಿ ನೀಲಿ.

ಯಾರೂ ನೋಡಿರಲಿಲ್ಲ. ಕಾನೂನು ಅವರಿಗೆ ಬೆರಳ ತುದಿಯಲ್ಲಿತ್ತು. ತಪ್ಪಿ ಬಿದ್ದದ್ದಕ್ಕಿಂತ ಅಡುಗೆ ಅರವತ್ತು ಪಾಲು ಹೆಚ್ಚಿದ್ದರೆ ಬಿದ್ದದ್ದು ಲೆಕ್ಕಕ್ಕಿಲ್ಲ. ಅಷ್ಟು ದೊಡ್ಡ ಹಂಡೆಗೆ ಒಂದು ಚಮಚ ಏನು ಮಹಾ? ತಾವೇ ಪ್ರಶ್ನೆ ಕೇಳಿ, ತಾವೇ ಉತ್ತರ ಹೇಳಿ, ಚಮಚವನ್ನು ಹಿಮದಲ್ಲಿ ಹೂತು ಮನೆಗೆ ಹೋಗಬಹುದಿತ್ತು. ಮೂವತ್ತಾರು ವರ್ಷ ಊರಿನ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿದ ಬಾಯಿ ಅದು. ಆದರೆ ಗೇಟಿನವರೆಗೆ ಹೋದವರು ತಿರುಗಿ ಬಂದರು.

ಅಷ್ಟು ಹೊತ್ತಿಗೆ ಅಡುಗೆಮನೆಯಲ್ಲಿ ನಾವೆಲ್ಲ ಇದ್ದೆವು. ತಿರ್ಜಾ ರೊಟ್ಟಿಯ ಬುಟ್ಟಿಗಳನ್ನು ಎಣಿಸಿಕೊಳ್ಳುತ್ತಿದ್ದಳು. ಮಿಲ್ಟನ್ ಮಡಚುವ ಕುರ್ಚಿಗಳನ್ನು ಹೊತ್ತುಕೊಂಡು ಬಾಗಿಲಲ್ಲಿ ನಿಂತಿದ್ದ. ಜೇಲಿಗ್ ಅವನನ್ನು ದಾಟಿಕೊಂಡು ಒಳಗೆ ಬಂದು, ಟೋಪಿ ಸರಿಮಾಡಿಕೊಂಡು, ಸೊಸೆಯ ಮುಂದೆ ನಿಂತರು.

"ರಬ್ಬಿಯವರೇ, ನನ್ನದೊಂದು ಪ್ರಶ್ನೆ ಇದೆ."

ತಿರ್ಜಾ ಹಿಂತಿರುಗಿ ನೋಡಿದಳು, ಬೇರೆ ಯಾರನ್ನೋ ಕರೆದರೆಂದು. ಅವಳ ಹಿಂದೆ ಒಲೆ ಬಿಟ್ಟರೆ ಯಾರೂ ಇರಲಿಲ್ಲ.

"ಏನು ಮಾವಾ?"

"ಹಾಲಿನ ಚಮಚ ಹಾಕಿ ಈ ಚೋಲೆಂಟ್ ಕಲಕಿಬಿಟ್ಟೆ." ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು. ಎಸ್ತೆಲ್ ಹಾ ಎಂದು ಎದೆ ಹಿಡಿದುಕೊಂಡಳು.

"ಇದನ್ನ ಬಿಸಿ ಹಾಲಿಗೆ ಹಾಕಿದ್ದು ಯಾವಾಗ?"

"ಅದಕ್ಕೆ ಸ್ವಲ್ಪ ಮುಂಚೆ."

"ಯಾವ ಬಿಸಿ ಹಾಲು?" ಬ್ಲೂಮಾ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು.

"ಕೋಕೋ."

"ಸಕ್ಕರೆ?"

"ಅದು ಧರ್ಮದ ಪ್ರಶ್ನೆ ಅಲ್ಲ, ಬ್ಲೂಮಾ."

"ನಂಗೆ ಅದೊಂದೇ ಧರ್ಮದ ಪ್ರಶ್ನೆ!"

"ಅತ್ತೇ, ಒಂದು ನಿಮಿಷ," ಎಂದಳು ತಿರ್ಜಾ. ನಗು ತಡೆಯಲು ಅವಳು ಪಡುತ್ತಿದ್ದ ಪಾಡು ಅವಳಿಗೇ ಗೊತ್ತು. ಆಮೇಲೆ ದನಿ ತಗ್ಗಿಸಿ ಹೇಳಿದಳು: "ಮಾವಾ, ಇದಕ್ಕೆ ಉತ್ತರ ನಿಮಗೇ ಗೊತ್ತಲ್ಲ."

ಜೇಲಿಗ್ ದನಿ ತಗ್ಗಿಸಲಿಲ್ಲ. ಕೊನೆಯ ಸಾಲಿಗೂ ಕೇಳುವ ಹಾಗೆ ಮಾತಾಡಿ ರೂಢಿಯಾದ ಗಂಟಲು. "ನಂಗೆ ಗೊತ್ತೋ ಇಲ್ವೋ, ಅದು ಬೇರೆ ಮಾತು. ತಪ್ಪು ಮಾಡಿದವನು ನಾನು, ಕೇಳ್ತಾ ಇರೋನು ನಾನು. ಹೇಳಬೇಕಾದವರು ನೀವು. ಎಸೀರಿ ಅಂದ್ರೆ ಈ ಹಂಡೇನ ನಾನೇ ಹೊತ್ಕೊಂಡು ಹೋಗಿ ಎಸೀತೀನಿ."

ಹೊರಗೆ ಸೂರ್ಯ ಇಳಿಯತೊಡಗಿದ್ದ, ಮುಳುಗಿದರೆ ಸಬ್ಬತ್ತು ಶುರು. ಎಸೆದರೆ ಇನ್ನೊಂದು ಹಂಡೆ ಬೇಯಿಸಲು ಹೊತ್ತಿರಲಿಲ್ಲ. ಊರಿಗೆಲ್ಲ ನಾಳೆ ತಣ್ಣನೆಯ ಸೌತೆಕಾಯಿ. ಆ ಕೆಟ್ಟ ಹೆಸರು ಯಾರ ತಲೆಗೆ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ತಿರ್ಜಾ ಅವಸರ ಮಾಡಲಿಲ್ಲ. ಚಮಚ ಎಲ್ಲಿಯವರೆಗೆ ಮುಳುಗಿತ್ತೆಂದು ಕೇಳಿದಳು. ಅಳತೆಯ ಜಾಡಿಯಲ್ಲಿ ನೀರು ಹಿಡಿದು, ಚಮಚವನ್ನು ಅಷ್ಟೇ ಮುಳುಗಿಸಿ, ನೀರು ಎಷ್ಟು ಮೇಲೇರಿತೆಂದು ಕಣ್ಣಮಟ್ಟಕ್ಕೆ ಹಿಡಿದು ನೋಡಿದಳು. ಹಂಡೆಯ ಮುಚ್ಚಳ ತೆಗೆದು ಒಳಗೆ ಬಗ್ಗಿದಳು. ಲೆಕ್ಕವನ್ನು ಗಟ್ಟಿಯಾಗಿ, ಎಲ್ಲರೆದುರು ಹಾಕಿದಳು.

"ಅರವತ್ತು ಪಾಲಲ್ಲ, ಅದರ ಎರಡರಷ್ಟು ಇದೆ. ಅಡುಗೆ ಶುದ್ಧ. ಹಂಡೇನೂ ಶುದ್ಧ. ಚಮಚ ಮಾತ್ರ ಈಗ ಹಾಲಿಗೂ ಇಲ್ಲ, ಮಾಂಸಕ್ಕೂ ಇಲ್ಲ. ಇದನ್ನ ಎತ್ತಿಡಿ, ಮುಂದಿನ ವಾರ ಕುದಿಯೋ ನೀರಲ್ಲಿ ಶುದ್ಧ ಮಾಡೋಣ."

ಎಸ್ತೆಲ್ ಮೂಗು ಸೊಟ್ಟ ಮಾಡಿದಳು. "ಏನೋಪ್ಪ, ನಂಗೆ ಮನಸ್ಸು ಒಪ್ಪಲ್ಲ. ರಬ್ಬಿ ಜೇಲಿಗ್, ನೀವೇ ಹೇಳಿ, ತಿನ್ನಬಹುದಾ?"

ಅವರು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು.

"ಎಸ್ತೆಲ್, ನೀನು ತರಕಾರಿ ಅಂಗಡೀಲಿ ಕೇಳ್ದೆ, ನಾನು ಹೇಳ್ದೆ. ಅದು ತಪ್ಪು, ನಂದೇ ತಪ್ಪು. ಈ ಊರಿಗೆ ರಬ್ಬಿ ಒಬ್ರೇ. ಅವರು ಈಗ ತಾನೇ ಹೇಳಿದ್ರು. ನಾಳೆ ಮೊದಲ್ನೇ ತಟ್ಟೆ ನಂಗೆ ಬಡ್ಸಿ."

ಮಿಲ್ಟನ್ ಕುರ್ಚಿಗಳನ್ನು ಕೆಳಗಿಳಿಸಿ ಕನ್ನಡಕ ಒರೆಸಿಕೊಂಡ. ತಿರ್ಜಾ ಚಮಚವನ್ನು ಬಟ್ಟೆಯಲ್ಲಿ ಸುತ್ತುತ್ತ ಕೇಳಿದಳು, "ಹಿಡಿ ನೀಲಿ ಇತ್ತಲ್ಲ ಮಾವಾ, ಕಾಣಿಸ್ಲಿಲ್ವಾ?"

"ಬಣ್ಣ ಚೆನ್ನಾಗೇ ಹಚ್ಚಿದೀರಿ ರಬ್ಬಿಯವರೇ. ಆದ್ರೆ ನಿಮ್ಮತ್ತೆ ಬೂಟಿನ ಸದ್ದು ಕೇಳಿದ ಮೇಲೆ ನಂಗೆ ಯಾವ ಬಣ್ಣಾನೂ ಕಾಣಲ್ಲ."

ಮೊದಲು ನಕ್ಕವಳು ಎಸ್ತೆಲ್. ಆಮೇಲೆ ನಗು ಮೇಲಿನ ಊಟದ ಕೋಣೆಯವರೆಗೂ ಏರಿತು.

ಶನಿವಾರ ಹಂಡೆ ತಳ ಕಂಡಿತು. ಎಸ್ತೆಲ್ ಎರಡು ಸಲ ಹಾಕಿಸಿಕೊಂಡಳು. ಭಾನುವಾರ ಬೆಳಗ್ಗೆ ಸಭೆ ಕೂಡಿತು. ರಬ್ಬಿಯ ಮನೆಯವರು ಅಂಥ ಹೊತ್ತಿನಲ್ಲಿ ಅಲ್ಲಿರಬಾರದು, ಆದ್ದರಿಂದ ತಿರ್ಜಾ ಮನೆಯಲ್ಲೇ ಉಳಿದಿದ್ದಳು. ಜೇಲಿಗ್ ಮಾತ್ರ ಮೊದಲ ಸಾಲಿನ ಕುರ್ಚಿಯಲ್ಲಿದ್ದರು. ಮಿಲ್ಟನ್ ಅವರತ್ತ ತಿರುಗಿ, "ಗೌರವ ರಬ್ಬಿಗಳು ಎರಡು ಮಾತು ಹೇಳಬೇಕು" ಎಂದ. ಹಳಬರೆಲ್ಲ ಗಡಿಯಾರ ನೋಡಿಕೊಂಡು ಬೆನ್ನು ಒರಗಿಸಿ ಕೂತರು.

ಜೇಲಿಗ್ ಎದ್ದು ನಿಂತರು. "ನಾನೀಗ ರಬ್ಬಿ ಮನೆಯವನು. ಮನೆಯವರು ಇಲ್ಲಿರಬಾರದು," ಎಂದು ಹೇಳಿ, ಕೋಟು ತೋಳಿಗೆ ಹಾಕಿಕೊಂಡು ಮಧ್ಯದ ದಾರಿಯಲ್ಲಿ ನಡೆದು ಹೊರಟೇ ಹೋದರು. ಅವರ ಜೀವಮಾನದ ಅತಿ ಸಣ್ಣ ಪ್ರವಚನ ಅದು. ಬಾಗಿಲು ಮುಚ್ಚಿದ ಮೇಲೆ ಮಿಲ್ಟನ್ ಕೈ ಎತ್ತಲು ಹೇಳಿದ. ನಾನು ಎರಡೂ ಕೈ ಎತ್ತಿದೆ, ಒಂದನ್ನು ಇಳಿಸಬೇಕೆಂದ. ಈ ಸಲದ ಕರಾರು ಐದು ವರ್ಷಕ್ಕೆ.

ಶೈನಾ ರಟ್ಟಿನ ಪೆಟ್ಟಿಗೆಗಳನ್ನು ಹಿತ್ತಲಿನಲ್ಲಿ ಸಾಲಾಗಿಟ್ಟು ಒಂದೊಂದರ ಮೇಲೂ ಹಾರಿ ಕುಪ್ಪಳಿಸಿ ಚಪ್ಪಟೆ ಮಾಡಿದಳು. ಆಮೇಲೆ ಸಂಜೆಯವರೆಗೂ ಟ್ರೊಂಬೋನ್ ಊದಿದಳು. ಆ ಒಂದು ದಿನ ಮಾತ್ರ ನನಗೆ ಅರಿಜೋನಾ ನೆನಪಾಯಿತು.

ಮರುದಿನ ಬೆಳಗ್ಗೆ ನಾನು ಮರೆತ ಮೊಟ್ಟೆ ಕೇಳಲು ಹೋದೆ. ಏಳು ಹೊಡೆದಿತ್ತು. ಬ್ಲೂಮಾ ಒಲೆಯ ಮುಂದೆ, ಜೇಲಿಗ್ ಮೇಜಿನ ಮುಂದೆ. ಗೋಡೆಯ ಫೋನು ಬಡಿದುಕೊಂಡಿತು. ಬ್ಲೂಮಾಳ ಎರಡೂ ಕೈ ಹಿಟ್ಟಾಗಿತ್ತು, ಜೇಲಿಗ್ ಎತ್ತಿದರು.

"ಹಲೋ. ರಬ್ಬಿ ಇಲ್ಲಮ್ಮಾ, ಆಸ್ಪತ್ರೆಗೆ ಹೋಗಿದಾರೆ. ಯಾರು, ಎಸ್ತೆಲ್ಲಾ? ನಾನಾ? ನಾನು ಅವರ ಮಾವ."

ಆ ಕಡೆಯಿಂದ ಎಸ್ತೆಲ್ ಏನೋ ಉದ್ದಕ್ಕೆ ಹೇಳುತ್ತಿದ್ದಳು. ಅವರು ಹೂಂ, ಹೂಂ ಅನ್ನುತ್ತಿದ್ದರು. ಉತ್ತರ ಅವರ ನಾಲಿಗೆಯ ತುದಿಗೆ ಬಂದು ಕೂತದ್ದು ಮುಖದಲ್ಲೇ ಕಾಣುತ್ತಿತ್ತು. ಬ್ಲೂಮಾ ಲಟ್ಟಣಿಗೆ ನಿಲ್ಲಿಸಿ ನೋಡುತ್ತಿದ್ದಳು.

"ಗೊತ್ತಿದೆ ಎಸ್ತೆಲ್, ಹೇಳಬಹುದು. ಆದ್ರೆ ನಮ್ಮ ರಬ್ಬೀನ ಕೇಳಿ. ಮಧ್ಯಾಹ್ನ ಬರ್ತಾರೆ."

ಫೋನು ಇಟ್ಟು ಬಂದು ಕೂತು, ದೊಡ್ಡ ಕೆಲಸ ಮಾಡಿ ದಣಿದವರಂತೆ ಉಸಿರು ಬಿಟ್ಟರು. ಬ್ಲೂಮಾ ಕೈ ತೊಳೆದುಕೊಂಡಳು. ಒಂದು ಮಾತೂ ಆಡದೆ ಹಾಲು ಕಾಯಿಸಿ ಕೋಕೋ ಬೆರೆಸಿ ಲೋಟವನ್ನು ಅವರ ಮುಂದಿಟ್ಟಳು. ಆಮೇಲೆ ಸಕ್ಕರೆ ಡಬ್ಬಿ ತೆರೆದು, ಅರ್ಧ ಚಮಚ ತೆಗೆದು, ತೂಗಿ ನೋಡಿದವಳಂತೆ ಇನ್ನೂ ನಾಲ್ಕು ಕಾಳು ಸೇರಿಸಿ, ಲೋಟಕ್ಕೆ ಹಾಕಿ ಕಲಕಿದಳು.

"ಕುಡೀರಿ," ಎಂದಳು. "ಇವತ್ತು ಸಂಪಾದಿಸಿದೀರಿ."